ಎಣ್ಣೆಯಿಂದ ಮುಖ ತೊಳೆಯುವುದು ಹೇಗೆ: ಗಾಣದಿಂದ ಬಚ್ಚಲುಮನೆಯವರೆಗೆ

ಬೆಳಗಿನ ಜಾವ ಆಟ ಮುಗಿದ ಮೇಲೆ ಯಕ್ಷಗಾನದ ಚೌಕಿಗೆ, ಅಂದರೆ ವೇಷ ಕಟ್ಟುವ ಬಣ್ಣದ ಮನೆಗೆ, ಒಮ್ಮೆ ಇಣುಕಿ ನೋಡಿ. ಕಿರೀಟ ಇಳಿಸಿ ಕೂತ ವೇಷಧಾರಿಗಳು ನೀರಿನ ಹತ್ತಿರ ಹೋಗುವುದಿಲ್ಲ. ಮೊದಲು ಹುಡುಕುವುದು ತೆಂಗಿನೆಣ್ಣೆ ಬಾಟಲಿ. ಅಂಗೈಗೆ ಎಣ್ಣೆ ಸುರಿದುಕೊಂಡು ಮುಖಕ್ಕೆಲ್ಲ ಸವರಿ ತಿಕ್ಕುತ್ತಾರೆ. ರಾತ್ರಿಯಿಡೀ ಬೆವರಿಗೂ ಜಗ್ಗದ ಬಿಳಿ, ಕೆಂಪು, ಕಪ್ಪು ಎರಡೇ ನಿಮಿಷದಲ್ಲಿ ಕಲಸಿ ಕೆಸರಾಗುತ್ತದೆ. ಹಳೆ ಪಂಚೆಯ ತುಂಡಿನಲ್ಲಿ ಅದನ್ನು ಒರೆಸಿ ತೆಗೆಯುತ್ತಾರೆ. ಸೋಪು, ನೀರು ಬರುವುದು ಆಮೇಲೆ.

ನನ್ನ ಅಣ್ಣ ಹವ್ಯಾಸಿ ವೇಷಧಾರಿ. ಕಾಲೇಜಿನ ದಿನಗಳಲ್ಲಿ ಮದುವೆ ಮೇಕಪ್ ತೆಗೆಯಲಾಗದೆ ನಾನು ಮುಖ ಉಜ್ಜಿ ಉಜ್ಜಿ ಕೆಂಪು ಮಾಡಿಕೊಂಡಿದ್ದಾಗ ಅವನೇ ಹೇಳಿದ್ದು, "ಎಣ್ಣೆಗೆ ಎಣ್ಣೆಯೇ ಆಗ್ಬೇಕು ಮಾರಾಯ್ತಿ, ನೀರಿಗೆ ಅದು ಕ್ಯಾರೇ ಅನ್ನುದಿಲ್ಲ." ಹೇಳಿದಂತೆ ಮಾಡಿದೆ. ಹತ್ತಿದ್ದೆಲ್ಲ ಹೋಯಿತು. ಖುಷಿಯಾಗಿ ದಿನಾ ರಾತ್ರಿ ತೆಂಗಿನೆಣ್ಣೆ ಹಚ್ಚಲು ಶುರು ಮಾಡಿದೆ. ಒಂದು ಬಟ್ಟೆಯಿಂದ ಮೇಲೆ ಮೇಲೆ ಒರೆಸಿ ಹಾಗೇ ಮಲಗುತ್ತಿದ್ದೆ. ಮಂಗಳೂರಿನ ಮೇ ತಿಂಗಳು ಬೇರೆ. ಮೂರು ವಾರದೊಳಗೆ ಹಣೆ ತುಂಬ ಸಾಸಿವೆಯಂಥ ಗುಳ್ಳೆ.

ಚೌಕಿಯಲ್ಲಿ ನಾನು ನೋಡಿದ್ದು ಎಣ್ಣೆ ಹಚ್ಚುವುದನ್ನು ಮಾತ್ರ. ಅದನ್ನು ತೆಗೆಯುವುದನ್ನು ಸರಿಯಾಗಿ ನೋಡಿರಲಿಲ್ಲ. ಈಗ ಹದಿನೈದು ವರ್ಷವಾಯಿತು, ಎಣ್ಣೆಯಿಂದಲೇ ಮುಖ ತೊಳೆಯುತ್ತಿದ್ದೇನೆ. ಎಣ್ಣೆ ಬದಲಾಗಿದೆ, ಕ್ರಮವೂ ಬದಲಾಗಿದೆ. ಆ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ಎಣ್ಣೆ ಕೊಳೆ ತೆಗೆಯುವುದು ಹೇಗೆ?

ಒಗ್ಗರಣೆ ಸೌಟನ್ನು ತಣ್ಣೀರಲ್ಲಿ ಎಷ್ಟು ಹೊತ್ತು ಹಿಡಿದರೂ ಜಿಡ್ಡು ಹೋಗುವುದಿಲ್ಲ, ಅಲ್ವಾ? ಮುಖದ ಕಥೆಯೂ ಅದೇ. ನಮ್ಮ ಚರ್ಮ ತಾನೇ ಜಿಡ್ಡು ಸುರಿಸುತ್ತದೆ. ಅದರಲ್ಲಿರುವುದು ಕೊಬ್ಬು, ಮೇಣದಂಥ ಅಂಶಗಳು, ಸ್ಕ್ವಾಲೀನ್ ಎಂಬ ಎಣ್ಣೆಯಂಥ ವಸ್ತು. ಇದರ ಮೇಲೆ ನಾವು ಬಳಿಯುವ ಸನ್‌ಸ್ಕ್ರೀನ್, ಲಿಪ್‌ಸ್ಟಿಕ್, ನೀರಿಗೆ ಅಳಿಯದ ಕಾಡಿಗೆ ಇವೆಲ್ಲದರ ಬುಡದಲ್ಲೂ ಹೆಚ್ಚಾಗಿ ಎಣ್ಣೆ ಅಥವಾ ಮೇಣವೇ ಇರುತ್ತದೆ. ಎಣ್ಣೆಯಲ್ಲಿ ಎಣ್ಣೆ ಕರಗುತ್ತದೆ. ನೀರಲ್ಲಿ ಕರಗುವುದಿಲ್ಲ. ಇಷ್ಟೇ ವಿಷಯ.

ಯಕ್ಷಗಾನದ ಬಿಳಿ ಬಣ್ಣ ಸಫೇತ ಇದೆಯಲ್ಲ, ಅದು ಜಿಂಕ್ ಆಕ್ಸೈಡ್. ಮುಖ ಬೆಳ್ಳಗೆ ಕಾಣುವಂತೆ ಮಾಡುವ ಮಿನರಲ್ ಸನ್‌ಸ್ಕ್ರೀನ್‌ನಲ್ಲಿ ಇರುವುದೂ ಬಹಳ ಸಲ ಅದೇ ಜಿಂಕ್ ಆಕ್ಸೈಡ್. ವೇಷಧಾರಿ ಬೆಳಗಿನ ಜಾವ ತೆಗೆಯುವುದನ್ನೇ ಆಫೀಸಿಗೆ ಹೋಗುವವರು ರಾತ್ರಿ ತೆಗೆಯಬೇಕು.

ಆದರೆ ಎಣ್ಣೆ "ವಿಷ ಹೀರುತ್ತದೆ", "ರಂಧ್ರ ಕುಗ್ಗಿಸುತ್ತದೆ", "ಬಣ್ಣ ಬಿಳಿ ಮಾಡುತ್ತದೆ" ಅನ್ನುವುದೆಲ್ಲ ಸುಮ್ನೆ ಮಾತು. ಎಣ್ಣೆ ಮಾಡುವುದು ಒಂದೇ ಕೆಲಸ. ಹತ್ತಿದ್ದನ್ನು ಸಡಿಲ ಮಾಡುತ್ತದೆ. ಸಡಿಲವಾದದ್ದನ್ನು ಹೊರಗೆ ಹಾಕುವುದು ನಿಮ್ಮ ಕೈಯಲ್ಲಿದೆ.

ಇದು ಯಾರಿಗೆ ಬೇಡ

ಮೊದಲು ಇದನ್ನು ಓದಿ. ಬಾಟಲಿ ಆಮೇಲೆ ತರಬಹುದು.

ಕೀವು ತುಂಬಿದ, ಮುಟ್ಟಿದರೆ ನೋಯುವ ಮೊಡವೆ ಇದ್ದರೆ ಬೇಡ. ಹಣೆ, ಎದೆ, ಬೆನ್ನ ಮೇಲೆ ಒಂದೇ ಅಳತೆಯ, ತುರಿಸುವ ಸಣ್ಣ ಗುಳ್ಳೆಗಳಿದ್ದರೆ ಖಂಡಿತ ಬೇಡ. ಅದು ಮೊಡವೆ ಆಗಿರದೆ ಮಲಸೀಜಿಯಾ ಎಂಬ ಶಿಲೀಂಧ್ರದ ಕೆಲಸ ಇರಬಹುದು. ಅದಕ್ಕೆ ಎಣ್ಣೆಯ ಕೊಬ್ಬಿನಾಮ್ಲಗಳೇ ಊಟ. ಹುಬ್ಬಿನಲ್ಲಿ, ಮೂಗಿನ ಪಕ್ಕದಲ್ಲಿ ಹೊಟ್ಟು ಏಳುವವರಿಗೂ ಇದೇ ಮಾತು. ಕರಾವಳಿಯ ಸೆಕೆಯಲ್ಲಿ ಈ ತೊಂದರೆ ಜಾಸ್ತಿ. ನನ್ನ ಹಣೆಯ ಸಾಸಿವೆ ಕಾಳುಗಳೂ ಇದೇ ಜಾತಿಯವು ಎಂದು ಚರ್ಮದ ವೈದ್ಯರು ಹೇಳಿದ ಮೇಲೇ ನನಗೆ ಗೊತ್ತಾಗಿದ್ದು.

ಟ್ರೆಟಿನೋಯಿನ್, ಅಡಾಪಲೀನ್, ಬೆಂಜೋಯಿಲ್ ಪೆರಾಕ್ಸೈಡ್ ಇಂಥ ಮುಲಾಮು ಹಚ್ಚುತ್ತಿದ್ದರೆ ವೈದ್ಯರನ್ನು ಕೇಳಿಯೇ ಮುಂದುವರಿಯಿರಿ. ಆ ಚರ್ಮ ಮೊದಲೇ ಸೂಕ್ಷ್ಮವಾಗಿರುತ್ತದೆ, ಒರೆಸುವುದನ್ನೇ ತಡೆಯುವುದಿಲ್ಲ. ಥ್ರೆಡ್ಡಿಂಗ್, ವ್ಯಾಕ್ಸಿಂಗ್ ಆಗಿದ್ದರೆ ಎರಡು ದಿನ ಬಿಡಿ. ಎಳ್ಳು, ಕಡಲೆಕಾಯಿ ತಿಂದರೆ ಅಲರ್ಜಿ ಆಗುವವರು ಆ ಎಣ್ಣೆಯನ್ನು ಮುಖಕ್ಕೂ ತರಬೇಡಿ.

ಇನ್ನೊಂದು ಗುಂಪಿದೆ. ಮೇಕಪ್ ಇಲ್ಲ, ಸನ್‌ಸ್ಕ್ರೀನ್ ಇಲ್ಲ, ಮನೆಯಲ್ಲೇ ಇರುತ್ತಾರೆ, ಈಗಿನ ಫೇಸ್‌ವಾಶ್‌ನಲ್ಲಿ ಮುಖ ಚೆನ್ನಾಗೇ ಇದೆ. ಅಂಥವರಿಗೆ ಇದರ ಅಗತ್ಯವೇ ಇಲ್ಲ. ಚೆನ್ನಾಗಿರುವುದನ್ನು ಯಾಕೆ ಕೆದಕಬೇಕು?

ಯಾವ ಎಣ್ಣೆ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಮುಕ್ಕಾಲು ಪಾಲು ಜನ ಎಡವುವುದು ಇಲ್ಲೇ.

ಎಲ್ಲ ಎಣ್ಣೆಯೂ ಒಂದೇ ಅಲ್ಲ. ನಾವು ನೋಡಬೇಕಾದದ್ದು ಲಿನೋಲಿಕ್ ಆಮ್ಲ ಎಂಬ ಒಂದು ಅಂಶವನ್ನು. ಚರ್ಮದ ಹೊರಪದರ ಗಟ್ಟಿಯಾಗಿರಲು ಇದು ಬೇಕು. ಮೊಡವೆ ಇರುವವರ ಜಿಡ್ಡಿನಲ್ಲಿ ಇದರ ಪ್ರಮಾಣ ಕಡಿಮೆ ಇರುತ್ತದೆ ಎಂದು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ಲಿನೋಲಿಕ್ ಜಾಸ್ತಿ ಇರುವ ಎಣ್ಣೆ ತೆಳ್ಳಗಿರುತ್ತದೆ, ಮುಖದ ಮೇಲೆ ಭಾರ ಅನ್ನಿಸುವುದಿಲ್ಲ. ಅದು ಕಡಿಮೆಯಿದ್ದು ಓಲಿಯಿಕ್ ಆಮ್ಲ ಜಾಸ್ತಿ ಇರುವ ಎಣ್ಣೆ ದಪ್ಪ.

ಈ ಲೆಕ್ಕದಲ್ಲಿ ಮೊದಲ ಸ್ಥಾನ ಯಾರಿಗೆ ಗೊತ್ತಾ? ನಮ್ಮ ಉತ್ತರ ಕರ್ನಾಟಕದ ಕುಸುಬೆ ಎಣ್ಣೆಗೆ. ವಿಜಯಪುರ, ಕಲಬುರಗಿ, ಗದಗ ಕಡೆಯ ಕಪ್ಪು ಮಣ್ಣಿನಲ್ಲಿ ಹಿಂಗಾರಿಗೆ ಬೆಳೆಯುವ ಮುಳ್ಳಿನ ಗಿಡ. ಆ ಕಡೆಯವರ ಬಾಯಲ್ಲಿ ಕುಸುಬಿ ಎಣ್ಣಿ. ಮಾಮೂಲಿ ಕುಸುಬೆ ಎಣ್ಣೆಯಲ್ಲಿ ಶೇ 70ಕ್ಕಿಂತ ಜಾಸ್ತಿ ಲಿನೋಲಿಕ್ ಆಮ್ಲ ಇರುತ್ತದೆ. ನನ್ನ ಮುಖಕ್ಕೆ ಈಗ ಇದೇ. ಹೊರದೇಶದ ಹೆಸರಿನ ಪುಟ್ಟ ಬಾಟಲಿಗೆ ನೂರಾರು ರೂಪಾಯಿ ಕೊಡುವವರು ಹುಬ್ಬಳ್ಳಿಯಿಂದ ಬರುವ ನೆಂಟರಿಗೆ ಒಂದು ಮಾತು ಹೇಳಿದರೆ ಸಾಕಲ್ಲ ಅನ್ನಿಸುತ್ತದೆ.

ಕುಸುಬೆ ಸಿಗದಿದ್ದರೆ ಸೂರ್ಯಕಾಂತಿ. ಮಾಮೂಲಿ ತಳಿಯದಾದರೆ ಶೇ 50ರಿಂದ 70ರಷ್ಟು ಲಿನೋಲಿಕ್ ಇರುತ್ತದೆ. ಅಡುಗೆಮನೆಯಲ್ಲಿರುವ ರಿಫೈನ್ಡ್ ಎಣ್ಣೆಯಿಂದಲೂ ಶುರು ಮಾಡಬಹುದು. ಗಾಣದ್ದೇ ಆಗಬೇಕು ಎಂದು ನಾನು ಹಟ ಹಿಡಿಯುವುದಿಲ್ಲ. ಎರಡು ನಿಮಿಷ ಇದ್ದು ಹೋಗುವ ಎಣ್ಣೆ ಅದು.

ಎಳ್ಳೆಣ್ಣೆ ನಡುಮಧ್ಯದ್ದು. ಲಿನೋಲಿಕ್ ಶೇ 40ರ ಆಸುಪಾಸು. ಸೆಸಮಾಲ್‌ನಂಥ ಅಂಶಗಳಿಂದಾಗಿ ಬೇಗ ಕೆಡುವುದಿಲ್ಲ. ಒಣ ಚರ್ಮಕ್ಕೆ, ಬೀದರ್ ಕಡೆಯ ಚಳಿಗೆ ಚೆನ್ನ. ವಾಸನೆ ಮಾತ್ರ ಎಲ್ಲರಿಗೂ ಹಿಡಿಸುವುದಿಲ್ಲ. ರಾತ್ರಿ ಮುಖ ತೊಳೆದು ಬಂದರೆ ಮನೆಯವರು "ಏನು, ಪುಳಿಯೋಗರೆನಾ?" ಎಂದು ಕೇಳುತ್ತಾರೆ.

ಈಗ ತೆಂಗಿನೆಣ್ಣೆ. ನಾನು ಕರಾವಳಿಯವಳು, ಇದರ ವಿರುದ್ಧ ಬರೆಯಲು ಕೈ ನಡುಗುತ್ತದೆ. ಬಣ್ಣ ತೆಗೆಯಲು ಇದು ಒಳ್ಳೆಯದೇ, ಚೌಕಿಯೇ ಅದಕ್ಕೆ ಸಾಕ್ಷಿ. ಆದರೆ ಇದರಲ್ಲಿ ಲಿನೋಲಿಕ್ ಶೇ 2ರ ಹತ್ತಿರ ಅಷ್ಟೇ. ಅರ್ಧದಷ್ಟು ಲಾರಿಕ್ ಆಮ್ಲ. ಬೇಗ ಮೊಡವೆ ಏಳುವವರಿಗೆ ಇದು ಆಗಿಬರುವುದಿಲ್ಲ. ತಲೆಗೆ, ಮೈಗೆ ಹಚ್ಚಿ. ಮುಖಕ್ಕೆ ದಿನಾ ಬೇಡ. ವೇಷಧಾರಿಗಳಿಗೆ ಆಗಿಬರುತ್ತದಲ್ಲ ಎಂದು ಕೇಳಬಹುದು. ಅವರು ಸೋಪಿನಿಂದ ಪೂರ್ತಿ ತೊಳೆದುಕೊಳ್ಳುತ್ತಾರೆ, ಅದನ್ನು ಮರೆಯಬೇಡಿ.

ಆಲಿವ್ ಎಣ್ಣೆಯ ಮೇಲೂ ನನಗೆ ಒಲವಿಲ್ಲ. ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ದೊಡ್ಡವರ ಚರ್ಮಕ್ಕೆ ಕೆಲವು ವಾರ ಆಲಿವ್ ಎಣ್ಣೆ ಹಚ್ಚಿ ನೋಡಿದರು. ಚರ್ಮದ ಹೊರಪದರ ದುರ್ಬಲವಾಯಿತು, ಸ್ವಲ್ಪ ಕೆಂಪೂ ಆಯಿತು. ಸೂರ್ಯಕಾಂತಿ ಎಣ್ಣೆಯಿಂದ ಹಾಗಾಗಲಿಲ್ಲ. ಅದು ಹಚ್ಚಿ ಬಿಡುವ ಎಣ್ಣೆಯ ಮಾತು, ತೊಳೆಯುವ ಎಣ್ಣೆಯದ್ದಲ್ಲ, ನಿಜ. ಆದರೂ ಅಗ್ಗದ್ದು ಒಳ್ಳೆಯದಿರುವಾಗ ದುಬಾರಿಯದ್ದು ಯಾಕೆ?

ಸಾಸಿವೆ ಎಣ್ಣೆ ಮುಖಕ್ಕೆ ಬೇಡವೇ ಬೇಡ, ಅದರ ಘಾಟೇ ಉರಿಸುತ್ತದೆ. ಜೊಜೊಬಾ ಒಳ್ಳೆಯದು. ಅದು ನಿಜಕ್ಕೂ ಎಣ್ಣೆಯಲ್ಲ, ದ್ರವರೂಪದ ಮೇಣ. ಜೇಬು ಒಪ್ಪಿದರೆ ತನ್ನಿ.

"ರಂಧ್ರ ಮುಚ್ಚುವ ಅಂಕ" ಎಂದು ಸೊನ್ನೆಯಿಂದ ಐದರವರೆಗಿನ ಪಟ್ಟಿ ಎಲ್ಲ ಕಡೆ ಸುತ್ತುತ್ತಿರುತ್ತದೆ. ಆ ಅಂಕಗಳಲ್ಲಿ ಬಹಳಷ್ಟು ಬಂದದ್ದು ಮೊಲದ ಕಿವಿಯ ಮೇಲೆ ಮಾಡಿದ ಪರೀಕ್ಷೆಗಳಿಂದ. ಮೊಲದ ಕಿವಿ ನಮ್ಮ ಮುಖಕ್ಕಿಂತ ಬಹಳ ಸೂಕ್ಷ್ಮ. ಆ ಪಟ್ಟಿಯನ್ನು ದಾರಿ ತೋರುವ ಕೈಮರದಂತೆ ನೋಡಿ, ಪಂಚಾಂಗದಂತೆ ನಂಬಬೇಡಿ.

ಹರಳೆಣ್ಣೆಯ ಪಾತ್ರ

ಹರಳೆಣ್ಣೆ, ಉತ್ತರದವರ ಔಡಲ ಎಣ್ಣೆ, ಒಂದು ವಿಚಿತ್ರ ಪ್ರಾಣಿ. ಇದರಲ್ಲಿ ಶೇ 85ರಿಂದ 90ರಷ್ಟು ರಿಸಿನೋಲಿಕ್ ಆಮ್ಲ. ಬೇರೆ ಯಾವ ಅಡುಗೆ ಎಣ್ಣೆಯಲ್ಲೂ ಇಷ್ಟಿಲ್ಲ. ಅದರಿಂದಲೇ ಇಷ್ಟು ಮಂದ, ಇಷ್ಟು ಅಂಟು. ಬಣ್ಣದ ಪುಡಿಯನ್ನು ಚೆನ್ನಾಗಿ ಹಿಡಿದಿಟ್ಟುಕೊಳ್ಳುವುದರಿಂದ ಲಿಪ್‌ಸ್ಟಿಕ್ ಮಾಡುವವರು ಇದನ್ನೇ ಬಳಸುತ್ತಾರೆ. ಹಿಡಿದಿಡುವುದು ಗೊತ್ತಿರುವ ಎಣ್ಣೆಗೆ ಎತ್ತಿಕೊಳ್ಳುವುದೂ ಗೊತ್ತು. ಹಾಗಾಗಿ ಮಿಶ್ರಣಕ್ಕೆ ಸ್ವಲ್ಪ ಸೇರಿಸುತ್ತೇವೆ. ಬರೀ ಹರಳೆಣ್ಣೆ ಹಚ್ಚಿದರೆ ಮುಖ ಎಳೆದಂತಾಗುತ್ತದೆ, ಒರೆಸುವಷ್ಟರಲ್ಲಿ ಸಾಕುಸಾಕಾಗುತ್ತದೆ.

ಊರಿನಲ್ಲಿ ಹರಳು ಹುರಿದು, ಕುಟ್ಟಿ, ನೀರಲ್ಲಿ ಕುದಿಸಿ ತೆಗೆದ ಕಪ್ಪು ಎಣ್ಣೆ ಇದ್ದರೆ ಅದು ತಲೆಗೆ, ಪಾದಕ್ಕೆ ಇರಲಿ. ಹೊಗೆ ವಾಸನೆ ಮುಖದಿಂದ ಹೋಗುವುದಿಲ್ಲ. ಔಷಧಿ ಅಂಗಡಿಯಲ್ಲಿ ಸಿಗುವ ತಿಳಿಯಾದ ಹರಳೆಣ್ಣೆ ಸಾಕು. ಹರಳಿನ ಬೀಜ ತಂದು ಮನೆಯ ಮಿಕ್ಸಿಯಲ್ಲಿ ಅರೆಯುವ ಸಾಹಸ ಮಾತ್ರ ಮಾಡಬೇಡಿ. ಬೀಜದಲ್ಲಿ ರಿಸಿನ್ ಎಂಬ ವಿಷವಿದೆ. ಸರಿಯಾಗಿ ತೆಗೆದ ಎಣ್ಣೆಗೆ ಅದು ಬರುವುದಿಲ್ಲ, ಹಿಂಡಿಯಲ್ಲೇ ಉಳಿಯುತ್ತದೆ.

ಕೊಳ್ಳುವಾಗ ಬಾಟಲಿ ತಿರುಗಿಸಿ ನೋಡಿ

ಎಣ್ಣೆ ತಿನ್ನಲು ಯೋಗ್ಯವಾಗಿರಬೇಕು. ಆಹಾರ ಸುರಕ್ಷತಾ ಪ್ರಾಧಿಕಾರದ ಎಫ್‌ಎಸ್‌ಎಸ್‌ಎಐ ಗುರುತು, 14 ಅಂಕಿಯ ಪರವಾನಗಿ ಸಂಖ್ಯೆ ಇದೆಯಾ ನೋಡಿ. "ದೀಪದ ಎಣ್ಣೆ" ಎಂದು ಬರೆದ ಎಳ್ಳೆಣ್ಣೆ ಅಗ್ಗ ಎಂದು ತರಬೇಡಿ. ಅದು ತಿನ್ನುವುದಕ್ಕಲ್ಲ ಎಂದು ಅದರ ಮೇಲೇ ಬರೆದಿರುತ್ತದೆ, ಏನೇನು ಬೆರೆಸಿರುತ್ತಾರೋ. ಸುಗಂಧ ಹಾಕಿದ ಹೇರ್ ಆಯಿಲ್ ಕೂಡ ಬೇಡ. ಅಂದಹಾಗೆ, ಸಣ್ಣ ಬಾಟಲಿಯ ತೆಂಗಿನೆಣ್ಣೆ ಅಡುಗೆಯದೋ ತಲೆಗೆ ಹಚ್ಚುವುದೋ ಎಂಬ ತೆರಿಗೆ ಜಗಳ ಸುಪ್ರೀಂ ಕೋರ್ಟಿನ ತನಕ ಹೋಗಿತ್ತು. ಕೂದಲಿನೆಣ್ಣೆ ಎಂದು ಹೇಳಿ ಮಾರದ ಹೊರತು ಅದು ಅಡುಗೆ ಎಣ್ಣೆಯೇ ಎಂದು 2024ರ ಡಿಸೆಂಬರಿನಲ್ಲಿ ತೀರ್ಪಾಯಿತು. ನಮ್ಮ ದೇಶದಲ್ಲಿ ಎಣ್ಣೆ ಬಾಟಲಿಯ ಪಾಡು ಅಷ್ಟು ಗೋಜಲು. ಲೇಬಲ್ ಓದುವುದೇ ಕ್ಷೇಮ.

ಇನ್ನೊಂದು ಉಪಾಯ ಹೇಳುತ್ತೇನೆ. ಲೇಬಲ್‌ನಲ್ಲಿ ಪೋಷಕಾಂಶದ ಪಟ್ಟಿ ಇರುತ್ತದೆ. ಅದರಲ್ಲಿ "ಪಾಲಿಅನ್‌ಸ್ಯಾಚುರೇಟೆಡ್" (ಲಿನೋಲಿಕ್ ಬರುವುದು ಇದರಲ್ಲಿ) ಎದುರು ಇರುವ ಅಂಕಿ "ಮೊನೊಅನ್‌ಸ್ಯಾಚುರೇಟೆಡ್" ಅಂಕಿಗಿಂತ ದೊಡ್ಡದಿದ್ದರೆ ಅದು ನಮ್ಮ ಎಣ್ಣೆ. ಕುಸುಬೆ, ಸೂರ್ಯಕಾಂತಿಯಲ್ಲಿ ಉಲ್ಟಾ ಇದ್ದರೆ ಅದು ಹೈ ಓಲಿಯಿಕ್, ಅಂದರೆ ಓಲಿಯಿಕ್ ಆಮ್ಲ ಜಾಸ್ತಿ ಇರುವ ತಳಿಯದು. ಅಮೆರಿಕದಲ್ಲಿರುವ ಕನ್ನಡಿಗರು ಇದನ್ನು ತಪ್ಪದೆ ನೋಡಬೇಕು. ಅಲ್ಲಿನ ಅಂಗಡಿಯ ಕುಸುಬೆ, ಸೂರ್ಯಕಾಂತಿ ಎಣ್ಣೆಗಳಲ್ಲಿ ಬಹಳಷ್ಟು ಹೈ ಓಲಿಯಿಕ್. ಕರಿಯಲು ಒಳ್ಳೆಯದು, ನಮ್ಮ ಕೆಲಸಕ್ಕಲ್ಲ.

ಲಿನೋಲಿಕ್ ಜಾಸ್ತಿ ಇರುವ ಎಣ್ಣೆಗೆ ಒಂದು ದೋಷವಿದೆ. ಬೇಗ ಕಮಟು ಹಿಡಿಯುತ್ತದೆ. ಗಾಣದಿಂದ ಐದು ಲೀಟರ್ ಕ್ಯಾನ್ ತಂದು ಅದರಲ್ಲೇ ಮುಖ ತೊಳೆಯಬೇಡಿ. ಮುಖಕ್ಕೆಂದು 100 ಮಿಲಿ ತೆಗೆದಿಟ್ಟುಕೊಳ್ಳಿ, ಸಾಕು.

ಬೆರೆಸುವುದು

ಒಂದು 50 ಮಿಲಿ ಗಾಜಿನ ಬಾಟಲಿ ತೊಳೆದು, ಪೂರ್ತಿ ಒಣಗಿಸಿ. ಒಂದು ಹನಿ ನೀರೂ ಇರಬಾರದು. ಔಷಧಿ ಬಾಟಲಿಯ ಮುಚ್ಚಳದಲ್ಲಿ ಮಿಲಿ ಗೆರೆ ಇರುತ್ತದಲ್ಲ, ಅಳೆಯಲು ಅದೇ ಆಗುತ್ತದೆ.

ಎಲ್ಲ ಕಡೆ ಹೇಳುವ ಲೆಕ್ಕ ಹೀಗಿದೆ: ಜಿಡ್ಡು ಚರ್ಮಕ್ಕೆ 15 ಮಿಲಿ ಹರಳೆಣ್ಣೆ, 35 ಮಿಲಿ ಕುಸುಬೆ. ಮಾಮೂಲಿ ಚರ್ಮಕ್ಕೆ 10 ಮತ್ತು 40. ಒಣ ಚರ್ಮಕ್ಕೆ 5 ಮತ್ತು 45. ನನ್ನ ಸಲಹೆ ಬೇರೆ. ಯಾವ ಚರ್ಮವಾದರೂ 5 ಮತ್ತು 45ರಿಂದ ಶುರು ಮಾಡಿ. ಎರಡು ವಾರ ನೋಡಿ. ಸನ್‌ಸ್ಕ್ರೀನ್ ಪೂರ್ತಿ ಬರುತ್ತಿಲ್ಲ ಅನ್ನಿಸಿದರೆ ಮಾತ್ರ ಹರಳೆಣ್ಣೆ ಏರಿಸಿ. ನನ್ನ ಬಾಟಲಿಯಲ್ಲಿ ಇಷ್ಟು ವರ್ಷದಲ್ಲೂ ಅದು 8 ಮಿಲಿ ದಾಟಿಲ್ಲ.

ಲಿಂಬೆರಸ, ಅರಿಶಿನ, ಸೋಡಾಪುಡಿ, ಸುಗಂಧದ ಹನಿಗಳು ಯಾವುದೂ ಬೇಡ. ಲಿಂಬೆರಸ ಹಚ್ಚಿ ಬಿಸಿಲಿಗೆ ಹೋದವರ ಮುಖದಲ್ಲಿ ಸುಟ್ಟ ಕಲೆ ಎದ್ದದ್ದನ್ನು ಕಂಡಿದ್ದೇನೆ. ಬಾಟಲಿಯ ಮೇಲೆ ತಾರೀಖು ಬರೆಯಿರಿ. ಕತ್ತಲ ಕಪಾಟಿನಲ್ಲಿಡಿ. ಎರಡು ತಿಂಗಳಲ್ಲಿ ಮುಗಿಸಿ.

ಒಂದು ವಾರ ತಾಳ್ಮೆ

ಮೊಣಕೈ ಒಳಮಡಿಕೆಯಲ್ಲಿ ಎರಡು ಹನಿ, ದಿನಕ್ಕೆರಡು ಸಲ, ಏಳು ದಿನ. ತುರಿಕೆ, ಕೆಂಪು ಬಂದರೆ ಅಲ್ಲಿಗೆ ಬಿಡಿ. ಬರದಿದ್ದರೆ ಮುಂದಿನ ವಾರ ದವಡೆಯ ಒಂದು ಬದಿಯಲ್ಲಿ ಮಾತ್ರ ಪೂರ್ತಿ ಕ್ರಮ ಮಾಡಿ ನೋಡಿ. ಗುಳ್ಳೆ ಬಂದರೂ ಒಂದು ಕಡೆ ಬಂದೀತು. ನಾನು ಇದನ್ನು ಮಾಡದೆ ಇಡೀ ಹಣೆ ಕೊಟ್ಟೆ.

ಹಚ್ಚುವುದು: ಎರಡು ನಿಮಿಷದ ಕೆಲಸ

ರಾತ್ರಿ ಮಾಡಿ. ಬೆಳಿಗ್ಗೆ ಇದರ ಅಗತ್ಯವಿಲ್ಲ.

ಕೈ ಸೋಪಿನಲ್ಲಿ ತೊಳೆದು ಒರೆಸಿಕೊಳ್ಳಿ. ಕೂದಲು ಹಿಂದೆ ಕಟ್ಟಿ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆದಿಡಿ. ಮುಖ ಒಣಗಿರಬೇಕು. ಮೊದಲು ನೀರು ಮುಟ್ಟಿಸಿದರೆ ಎಣ್ಣೆ ಜಾರಿಹೋಗುತ್ತದೆ, ಕೊಳೆ ಹಿಡಿಯುವುದಿಲ್ಲ.

ಅರ್ಧ ಟೀ ಚಮಚ ಎಣ್ಣೆ ಅಂಗೈಗೆ ಹಾಕಿ. ಜಾಸ್ತಿ ಹಾಕಿದಷ್ಟು ತೆಗೆಯುವ ಕೆಲಸ ಜಾಸ್ತಿ. ಎರಡೂ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಕೆನ್ನೆಯಿಂದ ಶುರು ಮಾಡಿ. ಆಮೇಲೆ ಹಣೆ, ಗದ್ದ, ಕೊನೆಗೆ ಮೂಗು. ಬೆರಳ ತುದಿಯಿಂದ ಸಣ್ಣ ಸಣ್ಣ ಸುತ್ತು. ದೋಸೆ ಹೆಂಚಿಗೆ ಎಣ್ಣೆ ಸವರುವಷ್ಟೇ ಒತ್ತಡ. ಪಾತ್ರೆ ಉಜ್ಜುವಂತೆ ಅಲ್ಲ. ನಮ್ಮ ಕಂದು ಚರ್ಮ ಉಜ್ಜಿದರೆ ಕಪ್ಪಾಗುತ್ತದೆ. ಕೆನ್ನೆಯ ಮೇಲೆ ಬಂಗು ಇರುವವರು ಇನ್ನೂ ಹಗುರವಾಗಿ.

ಮೂಗಿನ ಪಕ್ಕ, ಗದ್ದದ ಕೆಳಗೆ ರವೆಯಂಥ ಕಾಳು ಬೆರಳಿಗೆ ಸಿಗಬಹುದು. ಅಷ್ಟೂ ಬ್ಲ್ಯಾಕ್‌ಹೆಡ್ ಉದುರಿತು ಎಂದು ಕುಣಿಯುವವರಿದ್ದಾರೆ. ಹೆಚ್ಚಿನದು ಸತ್ತ ಚರ್ಮ ಮತ್ತು ಜಿಡ್ಡು ಸೇರಿದ ಉಂಡೆ. ಆ ಕಾಳು ಇನ್ನೂ ಸಿಗಲಿ ಎಂದು ಇಪ್ಪತ್ತು ನಿಮಿಷ ಉಜ್ಜಬೇಡಿ. ಒಂದರಿಂದ ಎರಡು ನಿಮಿಷ, ಮುಗಿಯಿತು.

ಕಾಡಿಗೆ ಇದ್ದರೆ ಕಣ್ಣು ಮುಚ್ಚಿ, ಬೆರಳ ತುದಿಯ ಎಣ್ಣೆಯನ್ನು ರೆಪ್ಪೆಗೂದಲಿನ ಮೇಲೆ ಮೇಲಿಂದ ಕೆಳಗೆ ಎರಡು ಸಲ ಎಳೆಯಿರಿ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಎಂದು ಗಾದೆಯಲ್ಲಿ ಗೇಲಿ ಮಾಡುತ್ತೇವೆ. ಇಲ್ಲಿ ಮಾತ್ರ ಮುಚ್ಚಿಕೊಳ್ಳುವವರೇ ಜಾಣರು. ಒಳಗೆ ಹೋದರೆ ಸ್ವಲ್ಪ ಹೊತ್ತು ಮಂಜು ಮಂಜಾಗಿ ಕಾಣುತ್ತದೆ. ನೀರಲ್ಲಿ ತೊಳೆದುಕೊಳ್ಳಿ, ಸರಿಹೋಗುತ್ತದೆ.

ತೆಗೆಯುವುದು: ನಿಜವಾದ ಕೆಲಸ ಇಲ್ಲಿದೆ

ಅಂಗಡಿಯ ಕ್ಲೆನ್ಸಿಂಗ್ ಆಯಿಲ್‌ಗೂ ನಮ್ಮ ಬಾಟಲಿಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿ ಗೊತ್ತಾಗುತ್ತದೆ. ಅದರಲ್ಲಿ ಎಣ್ಣೆ ಮತ್ತು ನೀರನ್ನು ಒಂದು ಮಾಡುವ ವಸ್ತು ಬೆರೆಸಿರುತ್ತಾರೆ. ನೀರು ಬಿದ್ದ ಕೂಡಲೇ ಹಾಲಿನಂತಾಗಿ ಹರಿದುಹೋಗುತ್ತದೆ. ನಮ್ಮ ಎಣ್ಣೆಗೆ ಆ ಗುಣವಿಲ್ಲ. ನೀರು ಹೊಯ್ದರೆ ಕೆಸುವಿನ ಎಲೆಯ ಮೇಲಿನ ಹನಿಯಂತೆ ಉರುಳುತ್ತದೆ. ಹಾಗಾಗಿ ಎರಡು ಹಂತ ಬೇಕು, ಮೊದಲು ಬಟ್ಟೆ, ಆಮೇಲೆ ತೊಳೆಯುವ ಪುಡಿ ಅಥವಾ ಫೇಸ್‌ವಾಶ್.

ಬಟ್ಟೆಗೆ ಹಳೆಯ ಕಾಟನ್ ಸೀರೆ ಅಥವಾ ಪಂಚೆಗಿಂತ ಒಳ್ಳೆಯದಿಲ್ಲ. ಹತ್ತಾರು ಸಲ ಒಗೆದು ಮೆತ್ತಗಾಗಿರುತ್ತದೆ. ಒಂದು ಗೇಣು ಉದ್ದ, ಒಂದು ಗೇಣು ಅಗಲದ ಏಳು ತುಂಡು ಮಾಡಿ. ದಿನಕ್ಕೊಂದು. ಟವೆಲ್ ಬೇಡ, ಅದರ ಗುಂಜು ಗೀರುತ್ತದೆ.

ಉಗುರುಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ ಹಿಂಡಿ. ನೀರು ಎಷ್ಟು ಬಿಸಿ ಎಂದರೆ, ಮಗುವಿಗೆ ಸ್ನಾನ ಮಾಡಿಸುವಷ್ಟು. ಬಿಸಿ ಜಾಸ್ತಿಯಾದರೆ ರಂಧ್ರ ತೆರೆಯುತ್ತದೆ ಅನ್ನುವುದು ಸುಳ್ಳು. ರಂಧ್ರಕ್ಕೆ ಬಾಗಿಲಿಲ್ಲ. ಬಿಸಿಯಿಂದ ಜಿಡ್ಡು ಸ್ವಲ್ಪ ಸಡಿಲವಾಗುತ್ತದೆ, ಅಷ್ಟೇ. ಬಟ್ಟೆಯನ್ನು ಮುಖದ ಮೇಲೆ ಹರಡಿ ಹದಿನೈದು ಇಪ್ಪತ್ತು ಸೆಕೆಂಡ್ ಇಡಿ. ನನಗೆ ಇಡೀ ದಿನದಲ್ಲಿ ಬಹಳ ಇಷ್ಟದ ಇಪ್ಪತ್ತು ಸೆಕೆಂಡ್ ಅದು, ಯಾರೂ ಮಾತಾಡಿಸುವುದಿಲ್ಲ. ಆಮೇಲೆ ಒತ್ತಿ ಎತ್ತಿ, ಒತ್ತಿ ಎತ್ತಿ. ಎಳೆಯಬೇಡಿ. ಬಟ್ಟೆ ಜಾಲಿಸಿ ಇನ್ನೆರಡು ಸಲ ಹಾಗೇ ಮಾಡಿ. ಕೂದಲಿನ ಅಂಚು, ಕಿವಿಯ ಮುಂದೆ, ದವಡೆಯ ಕೆಳಗೆ ಎಣ್ಣೆ ಉಳಿಯುವ ಜಾಗಗಳು. ಗುಳ್ಳೆ ಮೊದಲು ಏಳುವುದೂ ಅಲ್ಲೇ.

ಎರಡನೆಯದು ತೊಳೆಯುವುದು. ಕೆಲವರು ಬಟ್ಟೆಯಲ್ಲಿ ಒರೆಸಿ ಬಿಟ್ಟರೆ ಸಾಕು ಅನ್ನುತ್ತಾರೆ. ಚಳಿದೇಶದ ಒಣ ಚರ್ಮಕ್ಕೆ ಅದು ನಡೆದೀತು. ನಮ್ಮ ಸೆಕೆಗೆ ನಡೆಯುವುದಿಲ್ಲ. ನಮ್ಮ ಎಣ್ಣೆ ಸ್ನಾನವನ್ನೇ ನೋಡಿ. ನರಕ ಚತುರ್ದಶಿಯ ಬೆಳಗ್ಗೆ ಎಣ್ಣೆ ಹಚ್ಚಿ ಹಾಗೇ ಹೊಸ ಬಟ್ಟೆ ತೊಡುವವರು ಯಾರೂ ಇಲ್ಲ. ಸೀಗೆಪುಡಿಯೋ ಕಡಲೆಹಿಟ್ಟೋ ಆಗಲೇಬೇಕು. ಇಬ್ಬರಿಗೆ ಆಗದಿದ್ದರೆ "ಎಣ್ಣೆ ಸೀಗೆಕಾಯಿ" ಅನ್ನುತ್ತೇವಲ್ಲ, ಆ ಜಗಳವೇ ಇಲ್ಲಿ ನಮಗೆ ಬೇಕಾದದ್ದು. ಸೀಗೆಯಲ್ಲಿ ಸಾಪೊನಿನ್ ಎಂಬ ನೊರೆ ಬರುವ ಅಂಶವಿದೆ. ಅದು ಎಣ್ಣೆಯನ್ನು ನೀರಿನ ಜೊತೆ ಕಳಿಸಿಕೊಡುತ್ತದೆ. ಆದರೆ ಸೀಗೆ ಮುಖಕ್ಕೆ ಖಾರ, ಕಣ್ಣಿಗೆ ಬಿದ್ದರೆ ಉರಿಯೋ ಉರಿ.

ಮುಖಕ್ಕೆ ಹೆಸರುಹಿಟ್ಟು ಮೆದು. ಒಂದು ಚಮಚ ಹಿಟ್ಟು, ಬಟ್ಟೆಯಲ್ಲಿ ಸೋಸಿದ ನುಣುಪು ಹಿಟ್ಟೇ ಆಗಬೇಕು. ಮಿಕ್ಸಿಯ ತರಿ ಉಳಿದಿದ್ದರೆ ಮರಳುಕಾಗದದಲ್ಲಿ ಉಜ್ಜಿದಂತೆ. ನೀರು ಹಾಕಿ ಮಜ್ಜಿಗೆಯಷ್ಟು ತೆಳ್ಳಗೆ ಕಲಸಿ, ಮುಖಕ್ಕೆ ಸವರಿ, ಇಪ್ಪತ್ತು ಸೆಕೆಂಡಿನಲ್ಲಿ ತೊಳೆದುಬಿಡಿ. ಒಣಗಲು ಬಿಡಬೇಡಿ. ಹಿಟ್ಟು ಅರ್ಧ ಎಣ್ಣೆಯನ್ನು ಹೀರಿಕೊಂಡೇ ಹೋಗುತ್ತದೆ.

ಹಿಟ್ಟಿನ ಗೋಜು ಬೇಡ ಅನ್ನುವವರು ನೊರೆ ಕಡಿಮೆ ಬರುವ ಮೆದು ಫೇಸ್‌ವಾಶ್ ಬಳಸಿ. ಮೈ ಸೋಪು ಬೇಡ. ಸೋಪಿನ ಪಿಎಚ್ 9ರಿಂದ 10, ಚರ್ಮದ್ದು 5ರ ಹತ್ತಿರ. ಬೆಂಗಳೂರು, ಕೋಲಾರದ ಬೋರ್‌ವೆಲ್ ನೀರಿನವರಿಗೆ ಫೇಸ್‌ವಾಶೇ ಸರಿ. ಗಡಸು ನೀರಿನಲ್ಲಿ ಸೋಪು ನೊರೆಯಾಗದೆ ಬಿಳಿ ಪದರವಾಗಿ ಕೂರುತ್ತದೆ. ಬಕೆಟ್ ಅಂಚಿನಲ್ಲಿ ದಿನಾ ನೋಡುವ ಅದೇ ಪದರ, ಎಣ್ಣೆಯ ಜೊತೆ ಸೇರಿ ಮುಖದ ಮೇಲೂ ಕೂತರೆ ಹೇಗೆ?

ತೊಳೆದ ಮೇಲೆ ಕೆನ್ನೆ ಮುಟ್ಟಿ ನೋಡಿ. ಬೆರಳು ಜಾರಿದರೆ ಎಣ್ಣೆ ಉಳಿದಿದೆ. ಕಿರ್ ಎಂದು ತಡೆದರೆ ಜಾಸ್ತಿ ತೊಳೆದಿದ್ದೀರಿ. ಎರಡರ ನಡುವೆ ಮೆತ್ತಗಿನ ಒಂದು ಹದವಿದೆ. ನಾಲ್ಕು ದಿನದಲ್ಲಿ ಬೆರಳಿಗೇ ಗೊತ್ತಾಗುತ್ತದೆ. ಒತ್ತಿ ಒರೆಸಿ, ಇನ್ನೂ ಪಸೆ ಇರುವಾಗಲೇ ದಿನಾ ಹಚ್ಚುವ ಮಾಯಿಶ್ಚರೈಸರ್ ಹಚ್ಚಿ. ಎಣ್ಣೆ ಚರ್ಮಕ್ಕೆ ನೀರು ಕೊಡುವುದಿಲ್ಲ, ಅದನ್ನು ನೆನಪಿಡಿ.

ಎಷ್ಟು ಸಲ, ಏನಾದರೂ ಆದರೆ

ಸನ್‌ಸ್ಕ್ರೀನ್, ಮೇಕಪ್ ಹಚ್ಚಿದ ದಿನ ಮಾಡಿ. ಇಲ್ಲದ ದಿನ ಬಿಡಿ. ಜಿಡ್ಡು ಚರ್ಮಕ್ಕೆ ವಾರಕ್ಕೆ ಎರಡು ಮೂರು ಸಲ ಮೀರಬೇಡಿ. ಮಂಗಳೂರು, ಉಡುಪಿಯವರು ಏಪ್ರಿಲ್ ಮೇನಲ್ಲಿ ಇನ್ನೂ ಕಡಿಮೆ ಮಾಡಿ. ಕಲಬುರಗಿ ಕಡೆಯವರಿಗೆ ಚಳಿಗಾಲದಲ್ಲಿ ದಿನಾ ಆದರೂ ನಡೆಯುತ್ತದೆ.

ಮೊದಲ ವಾರಗಳಲ್ಲಿ ಗುಳ್ಳೆ ಎದ್ದರೆ "ಒಳಗಿನ ವಿಷ ಹೊರಗೆ ಬರುತ್ತಿದೆ, ಮುಂದುವರಿಸಿ" ಎಂದು ಧೈರ್ಯ ಹೇಳುವವರು ಸಿಗುತ್ತಾರೆ. ಕೇಳಬೇಡಿ. ನನಗೂ ಹಾಗೇ ಹೇಳಿದ್ದರು, ನಾನು ಮೂರು ವಾರ ಕಾದೆ. ಗುಳ್ಳೆ ಎದ್ದರೆ ನಿಲ್ಲಿಸಿ. ಸುಮ್ಮನೆ ಮೆದು ಫೇಸ್‌ವಾಶ್‌ನಲ್ಲಿ ಹದಿನೈದು ದಿನ ಕಳೆಯಿರಿ. ಮುಖ ತಿಳಿಯಾದ ಮೇಲೆ ಬೇಕಾದರೆ ಒಂದು ಬದಲಾವಣೆ ಮಾತ್ರ ಮಾಡಿ ನೋಡಿ: ಎಣ್ಣೆ ಬದಲಿಸಿ, ಅಥವಾ ಹರಳೆಣ್ಣೆ ಬಿಡಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ತಪ್ಪು ಯಾವುದೆಂದು ಗೊತ್ತಾಗುವುದಿಲ್ಲ. ತುರಿಕೆ ಇದ್ದರೆ, ಉರಿ ಇದ್ದರೆ, ಹದಿನೈದು ದಿನಕ್ಕೂ ಇಳಿಯದಿದ್ದರೆ ಚರ್ಮದ ವೈದ್ಯರ ಹತ್ತಿರ ಹೋಗಿ.

ಮುಖ ಎಳೆದಂತಾದರೆ ಹರಳೆಣ್ಣೆ ಜಾಸ್ತಿಯಾಗಿದೆ ಅಥವಾ ಹಿಟ್ಟು ಹೆಚ್ಚು ಹೊತ್ತು ಬಿಟ್ಟಿದ್ದೀರಿ. ಬೆಳಿಗ್ಗೆ ದಿಂಬಿನ ಮೇಲೆ ಎಣ್ಣೆ ಕಲೆ ಕಂಡರೆ ಕಾರಣ ಹುಡುಕಬೇಕಿಲ್ಲ, ರಾತ್ರಿ ಸೋಮಾರಿತನ ಮಾಡಿದ್ದೀರಿ.

ಒರೆಸಿದ ಬಟ್ಟೆಯನ್ನು ಬಚ್ಚಲಿನ ಮೊಳೆಗೆ ನೇತುಹಾಕಿ ಮಾರನೇ ದಿನ ಮತ್ತೆ ಅದನ್ನೇ ಎತ್ತಿಕೊಳ್ಳಬೇಡಿ. ವಾರಕ್ಕೊಮ್ಮೆ ಏಳೂ ತುಂಡನ್ನು ಬಿಸಿನೀರು, ಸೋಪಿನಪುಡಿಯಲ್ಲಿ ನೆನೆಸಿ ಒಗೆದು ಬಿಸಿಲಿಗೆ ಹಾಕಿ. ಒಗೆದ ಮೇಲೂ ಹಳೆ ಬೋಂಡಾದ ವಾಸನೆ ಬರುತ್ತಿದ್ದರೆ ಆ ತುಂಡನ್ನು ನೆಲ ಒರೆಸಲು ಕೊಡಿ.

ಬಾಟಲಿಯನ್ನೂ ಆಗಾಗ ಮೂಸಿ ನೋಡಿ. ಕಮಟು ಬಂದಿದ್ದರೆ ಎಷ್ಟೇ ಉಳಿದಿರಲಿ, ಮುಖಕ್ಕೆ ಬೇಡ. ಕಿರ್‌ಗುಟ್ಟುವ ಬಾಗಿಲಿನ ಕೀಲಿಗೆ ಹಾಕೋಣ ಅನ್ನಿಸಬಹುದು. ಅದೂ ಬೇಡ, ಕುಸುಬೆ ಎಣ್ಣೆ ಗಾಳಿಗೆ ಒಣಗಿ ಗೋಂದಿನಂತಾಗುತ್ತದೆ, ಬಾಗಿಲು ಇನ್ನೂ ಬಿಗಿಯಾಗುತ್ತದೆ. ಹಿತ್ತಲಿನ ಹಣತೆಗೆ ಹಾಕಿ ಉರಿಸಿಬಿಡಿ.